ಸ್ವದೇಶಿ ಗ್ರಾಮಾಫೋನ್ ಕಂಪನಿಗಳು: ಹಾಡು ಯಾರದು, ಅಚ್ಚು ಯಾರದು?

ಹಳೆಯ ಗ್ರಾಮಾಫೋನ್ ತಟ್ಟೆಯೊಂದು ಕೈಗೆ ಸಿಕ್ಕಿದಾಗ ನಾವು ಮೊದಲು ಓದುವುದು ಹಾಡಿದವರ ಹೆಸರನ್ನು. ಆಮೇಲೆ ರಾಗ ಯಾವುದು, ನಾಟಕ ಯಾವುದು ಎಂದು ನೋಡುತ್ತೇವೆ. ತಟ್ಟೆಯ ನಡುವಿನ ಅದೇ ದುಂಡು ಚೀಟಿಯ ಮೇಲೆ, ಎಲ್ಲಕ್ಕಿಂತ ದೊಡ್ಡ ಅಕ್ಷರಗಳಲ್ಲಿ, ಕಂಪನಿಯ ಹೆಸರೂ ಇರುತ್ತದೆ. ಅದನ್ನು ಮಾತ್ರ ಓದಿಯೂ ಓದದವರಂತೆ ಬಿಟ್ಟುಬಿಡುತ್ತೇವೆ. ಬಟ್ಟೆಯ ತಾನು ಕೊಳ್ಳುವಾಗ ಅಂಚಿನ ಛಾಪನ್ನು ನೋಡದೆ ಬಿಡದ ನಾವು, ತಟ್ಟೆಯ ಛಾಪನ್ನು ನೋಡುವುದಿಲ್ಲ. ಆದರೆ ಆ ಹಾಡು ಎಪ್ಪತ್ತು ಎಂಬತ್ತು ವರ್ಷಗಳ ಮೇಲೆ ನಮ್ಮ ಕಿವಿಗೆ ಬೀಳುವುದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಆ ಕಂಪನಿಯ ಹೆಸರೇ.

ಅಮೆರಿಕದಲ್ಲಿ ದೊಡ್ಡ ಕಂಪನಿಗಳ ಹಂಗಿಲ್ಲದೆ ನಡೆದ ಸಣ್ಣ ರೆಕಾರ್ಡ್ ಕಂಪನಿಗಳ ಚರಿತ್ರೆಯನ್ನು ಅಲ್ಲಿನವರು ಅಕ್ಕರೆಯಿಂದ ಬರೆದಿಟ್ಟಿದ್ದಾರೆ. ನಮ್ಮ ದೇಶದಲ್ಲಿಯೂ ಅಂತಹ ಕಂಪನಿಗಳಿದ್ದವು. ಅವುಗಳಲ್ಲಿ ಒಂದು ನಾವು ವಾಸಿಸುವ ಈ ಬಡೋದೆಯ ಕಂಠವನ್ನು ಉಳಿಸಿಕೊಟ್ಟಿತು. ಇನ್ನೊಂದು ಇಲ್ಲಿಂದ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದ ಮುಂಬಯಿಯಲ್ಲಿ ಇಪ್ಪತ್ತು ವರ್ಷ ನಡೆದು ಮುಚ್ಚಿಹೋಯಿತು. ಈ ಪಾಠದಲ್ಲಿ ಅವುಗಳ ಕಥೆಯನ್ನು ತಿಳಿದುಕೊಳ್ಳೋಣ.

1. ತಟ್ಟೆ ತಯಾರಾಗುತ್ತಿದ್ದ ಬಗೆ

ಕಂಪನಿಗಳ ಕಥೆ ಅರ್ಥವಾಗಬೇಕಾದರೆ ತಟ್ಟೆಯು ಹೇಗೆ ತಯಾರಾಗುತ್ತಿದ್ದಿತೆಂಬುದನ್ನು ಮೊದಲು ಅರಿಯಬೇಕು. ಮೊದಮೊದಲು ಗಾಯಕರ ಎದುರಿಗೆ ಮೈಕು ಇರುತ್ತಿರಲಿಲ್ಲ. ದೊಡ್ಡದೊಂದು ತುತ್ತೂರಿ ಇರುತ್ತಿದ್ದಿತು. ಅದರ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಧ್ವನಿಯ ಅದುರಿಗೆ ಒಂದು ಸೂಜಿಯು ಅದುರಿ, ತಿರುಗುತ್ತಿರುವ ಮೇಣದ ಬಿಲ್ಲೆಯ ಮೇಲೆ ಗೀರು ಕೊರೆಯುತ್ತ ಹೋಗುವುದು. ವಿದ್ಯುತ್ತಿನ ಮೈಕು ಬಳಕೆಗೆ ಬಂದದ್ದು ಅಮೆರಿಕದಲ್ಲಿ 1925ರಲ್ಲಿ. ನಮ್ಮಲ್ಲಿ ಅದಾದ ಕೆಲವು ವರ್ಷಗಳ ಮೇಲೆ.

ಮೇಣದ ಬಿಲ್ಲೆ ಮೆತ್ತಗಿರುವುದು. ಅದನ್ನು ಬಾರಿಸುವುದಕ್ಕೆ ಬರುವುದಿಲ್ಲ. ಆದುದರಿಂದ ಅದರ ಮೇಲೆ ವಿದ್ಯುತ್ ಹರಿಯುವಂತಹ ನವುರಾದ ಪುಡಿಯನ್ನು ಸವರಿ, ತಾಮ್ರದ ಲೇಪ ಕೊಡುತ್ತಿದ್ದರು. ಲೇಪವನ್ನು ಬಿಡಿಸಿ ತೆಗೆದರೆ, ಗೀರು ಇದ್ದ ಕಡೆ ಏಣು ಇರುವ ಲೋಹದ ಅಚ್ಚೊಂದು ದೊರೆಯುವುದು. ಇದು ಮೂಲ ಅಚ್ಚು. ಮೂಲ ಅಚ್ಚಿನಿಂದ ಒಂದು ತಾಯಿ ಅಚ್ಚು. ತಾಯಿ ಅಚ್ಚಿನಿಂದ ಬೇಕಾದಷ್ಟು ಒತ್ತುವ ಅಚ್ಚುಗಳು. ಒತ್ತುವ ಅಚ್ಚು ಸವೆದರೆ ಚಿಂತೆಯಿಲ್ಲ, ತಾಯಿಯಿಂದ ಇನ್ನೊಂದನ್ನು ಮಾಡಿಕೊಳ್ಳಬಹುದು. ಮೂಲ ಅಚ್ಚೂ ತಾಯಿ ಅಚ್ಚೂ ಹೋದರೆ ಮಾತ್ರ ಹಾಡು ಹೋದಂತೆಯೇ ಸರಿ. ಆಮೇಲೆ ಉಳಿಯುವುದು ಜನರ ಮನೆಗಳಲ್ಲಿರುವ ತಟ್ಟೆಗಳು ಮಾತ್ರ.

ಇನ್ನು ತಟ್ಟೆಯ ಮಾಲು. ಅದರ ಮುಖ್ಯ ವಸ್ತು ಅರಗು. ನಮ್ಮ ದೇಶದ ಕಾಡುಗಳಲ್ಲಿ ಮುತ್ತುಗ, ಕುಸುಮ, ಬೋರೆ ಮುಂತಾದ ಗಿಡಗಳ ರೆಂಬೆಯ ಮೇಲೆ ಒಂದು ಬಗೆಯ ಹುಳು ಕಟ್ಟುವ ಅಂಟು ಅದು. ಅಂದಿನ ಕಾಲದಲ್ಲಿ ಪ್ರಪಂಚದ ತಟ್ಟೆಗಳಿಗೆಲ್ಲ ಬೇಕಾದ ಅರಗಿನ ಬಹುಭಾಗ ಭಾರತದಿಂದಲೇ ಹೋಗುತ್ತಿದ್ದಿತು. ಅರಗಿಗೆ ಕಲ್ಲಿನ ಪುಡಿ, ಕಪ್ಪು ಬಣ್ಣಕ್ಕೆ ಮಸಿ, ಮತ್ತು ಬಿರುಕು ಬಿಡದೆ ಹಿಡಿದಿಟ್ಟುಕೊಳ್ಳಲು ಹತ್ತಿಯ ಸಣ್ಣ ಎಳೆಗಳನ್ನು ಬೆರೆಸುತ್ತಿದ್ದರು. ಗಿರಣಿಯಲ್ಲಿ ಕೆಲಸ ಮಾಡುವ ನಮ್ಮವರಿಗೆ ಇದನ್ನು ಕೇಳಿ ಆಶ್ಚರ್ಯವಾಗಬಹುದು: ನಮ್ಮ ಬಟ್ಟೆಯ ಮೇಲೆ ಅಂಟಿಕೊಂಡು ಮನೆಗೆ ಬರುವ ಹತ್ತಿಯ ನವುರಾದ ಎಳೆಯಂತಹುದೇ ಹಳೆಯ ತಟ್ಟೆಗಳ ಒಳಗೂ ಸೇರಿದೆ. ಈ ಮಿಶ್ರಣವನ್ನು ಕಾಯಿಸಿ, ಕಣಕದಂತೆ ಮೆತ್ತಗೆ ಮಾಡಿ, ಎರಡು ಅಚ್ಚುಗಳ ನಡುವೆ ಇಟ್ಟು, ಉಗಿಯಿಂದ ಕಾಯ್ದ ಪ್ರೆಸ್ಸಿನಲ್ಲಿ ಒತ್ತಿ, ತಣ್ಣೀರು ಹರಿಸಿ ಆರಿಸುತ್ತಿದ್ದರು. ಚೀಟಿಯೂ ಅದೇ ಏಟಿಗೆ ಅಂಟಿಕೊಳ್ಳುತ್ತಿದ್ದಿತು. ಹತ್ತು ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷ ಚಿಲ್ಲರೆ ಮಾತ್ರ.

ಇದರಿಂದ ತಿಳಿಯುವುದೇನು? ತಟ್ಟೆಯ ವ್ಯಾಪಾರಕ್ಕೆ ನಾಲ್ಕು ವಸ್ತುಗಳು ಬೇಕು: ಹಾಡುವವರು, ಧ್ವನಿಯನ್ನು ಹಿಡಿಯುವ ಕೊಠಡಿ, ಒತ್ತುವ ಯಂತ್ರ, ಮಾರುವ ಅಂಗಡಿ. ಮೊದಲನೆಯದಕ್ಕೂ ಕೊನೆಯದಕ್ಕೂ ನಮ್ಮ ದೇಶದಲ್ಲಿ ಎಂದೂ ಬರವಿರಲಿಲ್ಲ. ತೊಡಕೆಲ್ಲ ಇದ್ದದ್ದು ನಡುವಿನ ಎರಡರಲ್ಲಿ, ಅದರಲ್ಲಿಯೂ ಮೂರನೆಯದರಲ್ಲಿ.

2. ನಾಯಿ ಗುರುತಿನ ದೊಡ್ಡ ಮನೆ

1902ರ ನವೆಂಬರಿನಲ್ಲಿ ಲಂಡನ್ನಿನ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಕಲ್ಕತ್ತೆಗೆ ಬಂದು ನಮ್ಮ ಗಾಯಕರ ಧ್ವನಿಯನ್ನು ಮೇಣಕ್ಕೆ ಇಳಿಸಿಕೊಂಡನು. ಹಾಡಿದವರಲ್ಲಿ ಪ್ರಸಿದ್ಧಳಾದವಳು ಗೌಹರ್ ಜಾನ್. ಆ ಮೇಣವು ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ತಟ್ಟೆಯಾಗಿ, ಮತ್ತೆ ಹಡಗು ಹತ್ತಿ ಇಲ್ಲಿಗೆ ಮಾರಾಟಕ್ಕೆ ಬಂದಿತು. ಆಗಿನ ತಟ್ಟೆಗಳಲ್ಲಿ ಹಾಡು ಮುಗಿಯುತ್ತಲೂ ಹಾಡಿದವರು ತಮ್ಮ ಹೆಸರನ್ನು ಕೂಗಿ ಹೇಳುವುದು ಕೇಳಿಸುತ್ತದೆ. ಅದು ಜಂಬಕ್ಕಾಗಿ ಅಲ್ಲ. ದೂರದ ಕಾರ್ಖಾನೆಯಲ್ಲಿ ಭಾಷೆ ತಿಳಿಯದವರಿಗೆ ಯಾವ ಬಿಲ್ಲೆ ಯಾರದೆಂದು ಗೊತ್ತಾಗಲೆಂದು ಮಾಡಿದ ಏರ್ಪಾಡು. ಇದೇ ಗೌಹರ್ ಜಾನ್ ತನ್ನ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಕಳೆದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳೆಂಬುದು ಕನ್ನಡಿಗರು ನೆನಪಿಡಬೇಕಾದ ಸಂಗತಿ.

1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಈ ಕಂಪನಿಯು ತನ್ನದೇ ಒತ್ತುವ ಕಾರ್ಖಾನೆಯನ್ನು ತೆರೆಯಿತು. 1928ರಲ್ಲಿ ಅದಕ್ಕಿಂತ ದೊಡ್ಡದನ್ನು ಡಮ್‌ಡಮ್‌ನಲ್ಲಿ ಕಟ್ಟಿತು. 1931ರಲ್ಲಿ ಗ್ರಾಮಾಫೋನ್ ಕಂಪನಿಯೂ ಅದರ ದೊಡ್ಡ ಎದುರಾಳಿಯಾದ ಕೊಲಂಬಿಯಾ ಕಂಪನಿಯೂ ಇಂಗ್ಲೆಂಡಿನಲ್ಲಿ ಕೂಡಿಕೊಂಡು ಇ.ಎಂ.ಐ. ಎಂಬ ಒಂದೇ ಸಂಸ್ಥೆಯಾದವು. ಹೀಗೆ ಅಂಗಡಿಯಲ್ಲಿ ಬೇರೆ ಬೇರೆ ಗುರುತಿನ ತಟ್ಟೆಗಳು ಕಾಣುತ್ತಿದ್ದರೂ ಅವುಗಳಲ್ಲಿ ಹೆಚ್ಚಿನವು ಒತ್ತಲ್ಪಡುತ್ತಿದ್ದುದು ಡಮ್‌ಡಮ್‌ನ ಒಂದೇ ಸೂರಿನ ಕೆಳಗೆ.

ಈ ದೊಡ್ಡ ಮನೆಯಿಂದ ನಮಗೆ ಉಪಕಾರವಾಗಲಿಲ್ಲವೆಂದಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ ಮೊದಲಾದವರ ಎಳೆಯ ವಯಸ್ಸಿನ ಕಂಠಗಳು 1930ರ ದಶಕದಲ್ಲಿ ನಾಯಿ ಗುರುತಿನ ತಟ್ಟೆಗಳಿಗೆ ಇಳಿದವು. ಗದಗಿನಲ್ಲಿ ಬಾಲಕನಾಗಿದ್ದ ಭೀಮಸೇನ ಜೋಶಿಯವರು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ತಟ್ಟೆಯನ್ನು ಕೇಳಿ, ಹಾಡಿದರೆ ಹೀಗೆ ಹಾಡಬೇಕೆಂದು ಮನೆ ಬಿಟ್ಟು ಗುರುವನ್ನರಸಿ ಹೋದ ಸಂಗತಿ ಪ್ರಸಿದ್ಧವಾದುದು. ಆ ಅಬ್ದುಲ್ ಕರೀಂ ಖಾನರು ಹಿಂದೊಮ್ಮೆ ಈ ಬಡೋದೆಯ ದರ್ಬಾರಿನಲ್ಲಿಯೇ ಹಾಡುತ್ತಿದ್ದವರು. ಒಂದು ತಟ್ಟೆಯು ಒಂದು ಬದುಕನ್ನೇ ತಿರುಗಿಸಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಯಾರನ್ನು ಹಾಡಿಸಬೇಕು, ಯಾವ ತಟ್ಟೆಯನ್ನು ಮತ್ತೆ ಒತ್ತಬೇಕು, ಯಾವುದನ್ನು ಪಟ್ಟಿಯಿಂದ ತೆಗೆಯಬೇಕು ಎಂಬ ತೀರ್ಮಾನವೆಲ್ಲ ಒಂದೇ ಮನೆಯವರ ಕೈಯಲ್ಲಿದ್ದರೆ, ಅವರಿಗೆ ಲಾಭ ಕಾಣದ ಕಂಠಕ್ಕೆ ಎಡೆಯೆಲ್ಲಿ?

3. ಕಲ್ಕತ್ತೆಯ ಕಂಪನಿ, ಬಡೋದೆಯ ಕಂಠ

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಮೊದಲಿಗರು ಕಲ್ಕತ್ತೆಯ ಹೇಮೇಂದ್ರಮೋಹನ ಬೋಸರು. ಇವರು ‘ಕುಂತಲೀನ’ ಎಂಬ ತಲೆಗೆಣ್ಣೆಯನ್ನೂ ಅತ್ತರನ್ನೂ ಮಾಡಿ ಮಾರುತ್ತಿದ್ದ ವ್ಯಾಪಾರಿಗಳು. ವಂಗಭಂಗದ ಚಳವಳಿಯ ಕಾಲದಲ್ಲಿ, 1906ರ ಸುಮಾರಿಗೆ, ರವೀಂದ್ರನಾಥ ಠಾಕೂರರೇ ಮೊದಲಾದವರ ಧ್ವನಿಯನ್ನು ಮೇಣದ ಕೊಳವೆಗಳ ಮೇಲೆ ಹಿಡಿದು ಮಾರಾಟಕ್ಕಿಟ್ಟರು. ಕೊಳವೆಯ ಕಾಲ ಬೇಗನೆ ಮುಗಿಯಿತು. ಮೇಣವು ಬೂಷ್ಟು ಹಿಡಿಯುವ, ಕರಗುವ ಪದಾರ್ಥ. ಆ ಕೊಳವೆಗಳಲ್ಲಿ ಹೆಚ್ಚಿನವು ನಾಶವಾದವು.

1932ರಲ್ಲಿ ಅದೇ ಕಲ್ಕತ್ತೆಯಲ್ಲಿ ಚಂಡೀಚರಣ ಸಾಹಾ ಎಂಬವರು ಅಕ್ರೂರ ದತ್ತ ಗಲ್ಲಿಯಲ್ಲಿ ‘ಹಿಂದುಸ್ತಾನ್’ ಗುರುತಿನ ಕಂಪನಿಯನ್ನು ತೆರೆದರು. ರವೀಂದ್ರರು ತಾವೇ ಬಂದು ಇದರ ಆರಂಭದ ತಟ್ಟೆಗೆ ಧ್ವನಿ ಕೊಟ್ಟರು. ಆಗಿನ್ನೂ ಹೆಸರು ಮಾಡಿರದ ಕುಂದನ್‌ಲಾಲ್ ಸೈಗಲ್, ಸಚಿನ್ ದೇವ್ ಬರ್ಮನ್ ಇಬ್ಬರ ಮೊದಲ ತಟ್ಟೆಗಳೂ ಇಲ್ಲಿಂದಲೇ ಹೊರಬಂದವು. ಸಣ್ಣ ಕಂಪನಿಯ ಗುಣ ಇದೇ. ದೊಡ್ಡ ಹೆಸರಿನವರು ದೊಡ್ಡ ಮನೆಯ ಕರಾರಿಗೆ ಕಟ್ಟುಬಿದ್ದಿರುತ್ತಾರೆ; ಆದುದರಿಂದ ಸಣ್ಣವನು ಹೊಸಬರನ್ನು ಹುಡುಕಲೇಬೇಕು. ಅವನ ಬಡತನವೇ ಅವನ ಕಿವಿಯನ್ನು ಚುರುಕು ಮಾಡುವುದು.

ನಮ್ಮ ಊರಿನ ಪಾಲಿಗೆ ಈ ಕಂಪನಿ ಮಾಡಿದ ಉಪಕಾರ ಇನ್ನೊಂದಿದೆ. ಸುರಸಾಗರದ ಬಳಿಯ ಸಂಗೀತ ಕಾಲೇಜನ್ನು ನಮ್ಮಲ್ಲಿ ಅನೇಕರು ನೋಡಿದ್ದೀರಿ. ಅದರ ಬೇರು, ಸಯಾಜಿರಾವ್ ಮಹಾರಾಜರ ಆಶ್ರಯದಲ್ಲಿ ಮೌಲಾಬಕ್ಷರು 1886ರಲ್ಲಿ ಆರಂಭಿಸಿದ ಗಾಯನಶಾಲೆಯಲ್ಲಿದೆ. 1916ರಲ್ಲಿ ಭಾತಖಂಡೆಯವರ ಪ್ರಯತ್ನದಿಂದ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತು ನಡೆದದ್ದೂ ಈ ಬಡೋದೆಯಲ್ಲಿಯೇ. ಇಲ್ಲಿನ ದರ್ಬಾರಿನ ಗಾಯಕರಾಗಿ, ಆಗ್ರಾ ಘರಾಣೆಯ ಸಿಂಹವೆಂದು ಹೆಸರಾಗಿದ್ದವರು ಉಸ್ತಾದ್ ಫೈಯಾಜ್ ಖಾನರು. ಅವರ ಹೆಸರಿನ ಹಿಂದೆ ಬರುವ ‘ಆಫ್ತಾಬ್-ಎ-ಮೌಸೀಕಿ’, ಎಂದರೆ ಸಂಗೀತದ ಸೂರ್ಯ, ಎಂಬ ಬಿರುದು ಮೈಸೂರಿನ ಅರಮನೆಯಿಂದ ಬಂದುದು. ಬಡೋದೆಯ ಗಾಯಕರಿಗೆ ಕನ್ನಡ ನಾಡಿನ ಬಿರುದು!

ಈ ಮಹಾಗಾಯಕರ ಮುಖ್ಯವಾದ ತಟ್ಟೆಗಳನ್ನು 1930ರ ದಶಕದಲ್ಲಿ ಹೊರತಂದುದು ಹಿಂದುಸ್ತಾನ್ ಕಂಪನಿ. ಜೈಜೈವಂತಿ, ಲಲಿತ್, ರಾಮಕಲಿ, ನಟ್ ಬಿಹಾಗ್ ಮುಂತಾದ ರಾಗಗಳು ಮೂರು ಮೂರು ನಿಮಿಷಗಳ ತುಣುಕುಗಳಾಗಿ ಆ ತಟ್ಟೆಗಳಲ್ಲಿವೆ. ಬೈಠಕ್ಕಿನಲ್ಲಿ ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುವವರಿಗೆ ಮೂರು ನಿಮಿಷ ಎಂದರೆ ಹೊಲವನ್ನು ಹೂವಿನ ಕುಂಡಕ್ಕೆ ತುಂಬಿದಂತೆ. ಆದರೂ ಆ ತುಣುಕುಗಳು ಇಲ್ಲದಿದ್ದರೆ, 1950ರ ನವೆಂಬರಿನಲ್ಲಿ ಈ ಊರಿನಲ್ಲಿಯೇ ತೀರಿಕೊಂಡ ಆ ಸೂರ್ಯನ ಪ್ರಕಾಶ ಎಂತಹುದಿತ್ತೆಂಬುದನ್ನು ನಾವು ಬಹುಮಟ್ಟಿಗೆ ಪುಸ್ತಕದಲ್ಲಿ ಓದಿಯೇ ತೃಪ್ತಿಪಡಬೇಕಾಗಿತ್ತು.

ಹಿಂದುಸ್ತಾನ್ ಕಂಪನಿಯವರ ಬಳಿ ಗಾಯಕರಿದ್ದರು, ಧ್ವನಿ ಹಿಡಿಯುವ ಕೊಠಡಿಯಿತ್ತು, ಅಂಗಡಿಗಳಿದ್ದವು. ಒತ್ತುವ ಯಂತ್ರ ಇರಲಿಲ್ಲ. ತಟ್ಟೆಗಳನ್ನು ಮಜೂರಿ ಕೊಟ್ಟು ಡಮ್‌ಡಮ್‌ನ ಕಾರ್ಖಾನೆಯಲ್ಲಿಯೇ ಒತ್ತಿಸಬೇಕಾಗಿತ್ತು. ಬೇರೆಯವರ ಗಿರಣಿಯಲ್ಲಿ ಬಟ್ಟೆ ನೇಯಿಸಿ ತನ್ನ ಛಾಪು ಒತ್ತಿಸಿಕೊಳ್ಳುವ ವ್ಯಾಪಾರಿಯನ್ನು ನಾವು ದಿನವೂ ಕಾಣುತ್ತೇವಷ್ಟೆ, ಅದೇ ಸ್ಥಿತಿ. ಗಿರಣಿಯ ಮಾಲೀಕನಿಗೆ ತನ್ನ ಸ್ವಂತ ಮಾಲಿನ ಅವಸರವಿದ್ದಾಗ ಮಜೂರಿಯ ಮಾಲು ಮೂಲೆಯಲ್ಲಿ ಕಾಯಬೇಕು. ಎದುರಾಳಿಯ ಒಲೆಯ ಮೇಲೆ ನಮ್ಮ ಅನ್ನ ಬೇಯಬೇಕು.

4. ‘ಯಂಗ್ ಇಂಡಿಯಾ’ದ ಇಪ್ಪತ್ತು ವರ್ಷ

ಈ ಮೂರನೆಯ ವಸ್ತುವನ್ನೂ ನಮ್ಮವರೇ ಗಳಿಸಬೇಕೆಂದು ಹೊರಟ ಸಂಸ್ಥೆ ಮುಂಬಯಿಯ ನ್ಯಾಷನಲ್ ಗ್ರಾಮಾಫೋನ್ ರೆಕಾರ್ಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ. ಅದು 1935ರಲ್ಲಿ ಕೆಲಸ ಆರಂಭಿಸಿತು; ವಡಾಲದಲ್ಲಿ ಅದರ ಕಾರ್ಖಾನೆ. ತಟ್ಟೆಗಳಿಗೆ ಇಟ್ಟ ಗುರುತು ‘ಯಂಗ್ ಇಂಡಿಯಾ’. ಗಾಂಧೀಜಿಯವರು ನಡೆಸುತ್ತಿದ್ದ ವಾರಪತ್ರಿಕೆಯ ಹೆಸರೂ ಅದೇ ಆಗಿದ್ದಿತು. ಆ ಪತ್ರಿಕೆ ಅಚ್ಚಾಗುತ್ತಿದ್ದುದು ನಮ್ಮ ಪಕ್ಕದ ಅಹಮದಾಬಾದಿನಲ್ಲಿ. ಆ ಕಾಲದಲ್ಲಿ ಇಂತಹ ಹೆಸರನ್ನು ಕೇಳಿದೊಡನೆ ಕೊಳ್ಳುವವರ ಮನಸ್ಸಿನಲ್ಲಿ ಏನು ಮೂಡುತ್ತಿದ್ದಿರಬಹುದೆಂದು ಬೇರೆ ಹೇಳಬೇಕಾಗಿಲ್ಲ.

ಯಂಗ್ ಇಂಡಿಯಾ ತಟ್ಟೆಗಳ ಸ್ವಭಾವವನ್ನು ಸ್ವಲ್ಪ ವಿವರವಾಗಿ ನೋಡಬೇಕು. ದೊಡ್ಡ ಉಸ್ತಾದರೂ ಪ್ರಸಿದ್ಧ ನಟನಟಿಯರೂ ಬೇರೆ ಕಂಪನಿಗಳಿಗೆ ಕಟ್ಟುಬಿದ್ದಿದ್ದುದರಿಂದ, ಇದರ ತಟ್ಟೆಗಳಲ್ಲಿ ಹಾಡಿದವರಲ್ಲಿ ಬಹುಮಂದಿ ಹವ್ಯಾಸಿಗಳು, ಆಗತಾನೆ ಕಣ್ಣು ಬಿಡುತ್ತಿದ್ದ ಗಾಯಕರು. ಹಿಂದಿ, ಮರಾಠಿ, ಗುಜರಾತಿ ಹಾಡುಗಳು, ಸಿನಿಮಾದ ಹಾಡುಗಳು, ಶಾಸ್ತ್ರೀಯ ಸಂಗೀತ, ನಾಟಕಗಳು, ಶಾಲೆಯ ಮಕ್ಕಳಿಗೆ ಪಾಠ ಹೇಳುವ ತಟ್ಟೆಗಳು ಹೀಗೆ ಬಗೆಬಗೆಯ ಮಾಲನ್ನು ಅದು ಹೊರತಂದಿತು. ಇಪ್ಪತ್ತು ವರ್ಷಗಳಲ್ಲಿ ಹೊರಬಂದ ಹಾಡುಗಳು ಸಾವಿರಾರು. ಸ್ವಂತ ಯಂತ್ರವಿದ್ದುದರಿಂದಲೇ ಇಷ್ಟು ಜನ ಸಾಮಾನ್ಯರ ಕಂಠಕ್ಕೆ ಅಲ್ಲಿ ಬಾಗಿಲು ತೆರೆಯಿತು. ಯಂತ್ರ ನಮ್ಮದಾದರೆ ಅದು ಸುಮ್ಮನೆ ಕುಳಿತುಕೊಳ್ಳಬಾರದು. ಅದಕ್ಕೆ ಕೆಲಸ ಕೊಡಬೇಕು. ಕೆಲಸ ಕೊಡಬೇಕಾದರೆ ಹೊಸ ಹೊಸ ಹಾಡುಗಾರರು ಬೇಕು. ಗಿರಣಿಯ ಲೆಕ್ಕವೂ ಇದೇ ತಾನೆ.

ಆದರೆ ಆ ಇಪ್ಪತ್ತು ವರ್ಷ ಸುಖದ ಕಾಲವಾಗಿರಲಿಲ್ಲ. ಎರಡನೆಯ ಮಹಾಯುದ್ಧ ಬಂದಾಗ ಅರಗು ಯುದ್ಧದ ಸಾಮಗ್ರಿಗೂ ಬೇಕಾಗಿ, ತಟ್ಟೆ ಮಾಡುವವರಿಗೆ ಎಲ್ಲೆಡೆಯೂ ಅಭಾವವಾಯಿತು. ಯುದ್ಧ ಮುಗಿದ ಮೇಲೆ ಸಿನಿಮಾ ಹಾಡುಗಳ ಕಾಲ ಬಂದಿತು. ಅವುಗಳಲ್ಲಿ ಬಹುಪಾಲು ದೊಡ್ಡ ಮನೆಯ ಪಾಲಾದವು. 1955ರಲ್ಲಿ ಯಂಗ್ ಇಂಡಿಯಾ ತಟ್ಟೆಗಳ ತಯಾರಿಕೆ ನಿಂತುಹೋಯಿತು.

ಕಂಪನಿ ಮುಚ್ಚುವುದು ದೊಡ್ಡ ಸುದ್ದಿಯಲ್ಲ. ಗಿರಣಿಗಳು ಮುಚ್ಚುವುದನ್ನು ಅಹಮದಾಬಾದಿನಲ್ಲಿಯೂ ಮುಂಬಯಿಯಲ್ಲಿಯೂ ನಾವು ಸಾಕಷ್ಟು ಕಂಡಿದ್ದೇವೆ. ಇಲ್ಲಿ ಗಮನಿಸಬೇಕಾದುದು ಆಮೇಲೆ ನಡೆದುದನ್ನು. ನಾಯಿ ಗುರುತಿನ ಹಳೆಯ ಹಾಡುಗಳು ಮುಂದೆ ಎಲ್.ಪಿ. ತಟ್ಟೆಗಳಾಗಿ, ಕ್ಯಾಸೆಟ್ಟುಗಳಾಗಿ, ಸಿ.ಡಿ.ಗಳಾಗಿ ಮರುಹುಟ್ಟು ಪಡೆದವು, ಏಕೆಂದರೆ ಮನೆ ಉಳಿದಿತ್ತು, ಮನೆಯಲ್ಲಿ ಅಚ್ಚುಗಳು ಉಳಿದಿದ್ದವು. ಹಿಂದುಸ್ತಾನ್ ಕಂಪನಿಯ ಹಾಡುಗಳಿಗೂ ಅಂತಹ ಅದೃಷ್ಟವಿತ್ತು. ಯಂಗ್ ಇಂಡಿಯಾದ ಹಾಡುಗಳಿಗೆ ಹಾಗೆ ಮರುಹುಟ್ಟು ಬರಲಿಲ್ಲ. ಮನೆಮನೆಯ ಅಟ್ಟದ ಮೇಲೆ, ಚೋರ್ ಬಜಾರಿನ ರಾಶಿಗಳಲ್ಲಿ ಉಳಿದ ತಟ್ಟೆಗಳಷ್ಟೇ ಅವುಗಳ ಆಸರೆ. ಹೆಸರು ಮಾಡದ ಗಾಯಕ, ಮುಚ್ಚಿಹೋದ ಕಂಪನಿ. ಈ ಎರಡೂ ಕೂಡಿದಾಗ ಒಂದು ಕಂಠವು ಎರಡು ಸಲ ಸಾಯುತ್ತದೆ.

ಆ ಎರಡನೆಯ ಸಾವನ್ನು ತಡೆಯಲು ಹೊರಟವರು ಸಾಮಾನ್ಯ ಸಂಗ್ರಾಹಕರು. 1990ರಲ್ಲಿ ಮುಂಬಯಿಯಲ್ಲಿ ಹಳೆಯ ತಟ್ಟೆಗಳ ಪ್ರೇಮಿಗಳು ಸೇರಿ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಎಂಬ ಸಂಘವನ್ನು ಕಟ್ಟಿದರು. ಅದನ್ನು ಮುನ್ನಡೆಸಿದ ಸುರೇಶ ಚಾಂದವಣಕರರ ಪ್ರಯತ್ನದಿಂದ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ನೆರವಿನೊಡನೆ, ಖಾಸಗಿ ಸಂಗ್ರಹಗಳಲ್ಲಿದ್ದ ಯಂಗ್ ಇಂಡಿಯಾ ತಟ್ಟೆಗಳನ್ನು ಹುಡುಕಿ ತಂದು, ಒಂದೊಂದಾಗಿ ಬಾರಿಸಿ, ಕಂಪ್ಯೂಟರಿಗೆ ಇಳಿಸಿ ಕಾಪಾಡುವ ಕೆಲಸ ಈ ಶತಮಾನದಲ್ಲಿ ನಡೆದಿದೆ. ಸ್ವದೇಶಿ ಕಂಪನಿಯ ಹಾಡನ್ನು ಉಳಿಸಲು ಲಂಡನ್ನಿನ ಹಣ ಬರಬೇಕಾಯಿತೆಂಬುದು ಯೋಚಿಸಬೇಕಾದ ಮಾತು. ಆದರೆ ಆ ಹಣಕ್ಕೂ ಮೊದಲು ಯಾರೋ ಒಬ್ಬರು ತಟ್ಟೆಯನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿದ್ದರೆಂಬುದು ಅದಕ್ಕಿಂತ ಮುಖ್ಯವಾದುದು.

5. ಅಮೆರಿಕದ ಎರಡು ಉದಾಹರಣೆಗಳು

ಈ ತೊಡಕು ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಕರಿಯ ಜನರ ಹಾಡನ್ನು ದೊಡ್ಡ ಕಂಪನಿಗಳು ಕಡೆಗಣಿಸಿದ್ದ ಕಾಲದಲ್ಲಿ, 1921ರಲ್ಲಿ, ಹ್ಯಾರಿ ಪೇಸ್ ಎಂಬವರು ನ್ಯೂಯಾರ್ಕಿನಲ್ಲಿ ‘ಬ್ಲ್ಯಾಕ್ ಸ್ವಾನ್’ ಎಂಬ ಕಂಪನಿಯನ್ನು ಸ್ಥಾಪಿಸಿದರು. ಬ್ಲ್ಯಾಕ್ ಸ್ವಾನ್ ಎಂದರೆ ಕಪ್ಪು ಹಂಸ. ಒಡೆತನ ಕರಿಯರದು, ಹಾಡುವವರು ಕರಿಯರು. ಎಥೆಲ್ ವಾಟರ್ಸ್ ಎಂಬ ಗಾಯಕಿಯ ತಟ್ಟೆಗಳು ಚೆನ್ನಾಗಿ ಮಾರಾಟವಾದವು. ಮೊದಲು ಬೇರೆಯವರಲ್ಲಿ ಒತ್ತಿಸುತ್ತಿದ್ದ ಪೇಸರು, 1922ರಲ್ಲಿ ಪಾಲುದಾರರೊಬ್ಬರೊಡನೆ ಸೇರಿ ಒತ್ತುವ ಕಾರ್ಖಾನೆಯೊಂದನ್ನೇ ಕೊಂಡರು. ಅಷ್ಟರಲ್ಲಿ ಈ ವ್ಯಾಪಾರದಲ್ಲಿ ಲಾಭವಿದೆಯೆಂದು ಕಂಡ ದೊಡ್ಡ ಕಂಪನಿಗಳೂ ಕರಿಯ ಗಾಯಕರನ್ನು ಹುಡುಕತೊಡಗಿದವು. ಮನೆಮನೆಗೂ ರೇಡಿಯೋ ಬರತೊಡಗಿತು. 1923ರ ಕೊನೆಗೆ ಬ್ಲ್ಯಾಕ್ ಸ್ವಾನ್ ದಿವಾಳಿಯಾಗಿ, ಮರುವರ್ಷ ಅದರ ಹಾಡುಗಳು ಬೇರೆ ಕಂಪನಿಯ ಕೈಸೇರಿದವು. ದಾರಿ ಮಾಡಿದವನೊಬ್ಬ, ಆ ದಾರಿಯಲ್ಲಿ ಬಂಡಿ ಹೊಡೆದವನು ಇನ್ನೊಬ್ಬ. ಹನ್ನೆರಡು ವರ್ಷಗಳ ಮೇಲೆ ಹುಟ್ಟಿದ ನಮ್ಮ ಯಂಗ್ ಇಂಡಿಯಾದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಎರಡೂ ಒಂದೇ ಹೊಟ್ಟೆಯ ಮಕ್ಕಳಂತೆ ಕಾಣುತ್ತವೆ.

ಎರಡನೆಯದು ಬೇರೆ ಬಗೆಯದು. 1948ರಲ್ಲಿ ಮೋಸಸ್ ಆಶ್ ಎಂಬವರು ನ್ಯೂಯಾರ್ಕಿನಲ್ಲಿ ‘ಫೋಕ್‌ವೇಸ್’ ಕಂಪನಿಯನ್ನು ಆರಂಭಿಸಿದರು. ಜಾನಪದ ಹಾಡು, ಕೂಲಿಕಾರರ ಹಾಡು, ಭಾಷೆ ಕಲಿಸುವ ಪಾಠ, ಕಪ್ಪೆಗಳ ಕೂಗು, ರೈಲಿನ ಸದ್ದು ಎಲ್ಲವನ್ನೂ ಅವರು ತಟ್ಟೆ ಮಾಡಿದರು; ಎರಡು ಸಾವಿರಕ್ಕೂ ಮಿಕ್ಕ ತಟ್ಟೆಗಳು. ಅವರದು ಒಂದು ಹಟ: ಒಮ್ಮೆ ಹೊರಡ��ಸಿದ ಯಾವ ತಟ್ಟೆಯನ್ನೂ, ಮಾರಾಟವಾಗಲಿ ಬಿಡಲಿ, ಪಟ್ಟಿಯಿಂದ ತೆಗೆಯಕೂಡದು. ಅವರ ವಾದವನ್ನು ನಮ್ಮ ಭಾಷೆಗೆ ಹೊಂದಿಸಿ ಹೇಳುವುದಾದರೆ, ‘ಙ’ ಅಕ್ಷರವು ಬಳಕೆಯಲ್ಲಿ ಕಡಮೆಯೆಂದು ನಾವು ಅದನ್ನು ವರ್ಣಮಾಲೆಯಿಂದ ತೆಗೆದುಹಾಕಿದ್ದೇವೆಯೆ? 1986ರಲ್ಲಿ ಆಶ್ ತೀರಿಕೊಂಡರು. ಮರುವರ್ಷ ಅಮೆರಿಕದ ರಾಷ್ಟ್ರೀಯ ಸಂಸ್ಥೆಯಾದ ಸ್ಮಿತ್ಸೋನಿಯನ್ ಈ ಕಂಪನಿಯ ಸಂಗ್ರಹವನ್ನು ಪಡೆದುಕೊಂಡಿತು. ಎಲ್ಲ ತಟ್ಟೆಗಳೂ ಜನರಿಗೆ ಸದಾ ದೊರೆಯುವಂತಿರಬೇಕೆಂಬುದು ಅದರ ಷರತ್ತು. ಆ ಷರತ್ತು ಇಂದಿಗೂ ನಡೆಯುತ್ತಿದೆ. ಒಡೆಯನು ಹೋದರೂ ಹಾಡು ಹೋಗದಂತೆ ಮಾಡಬಹುದೆಂಬುದಕ್ಕೆ ಇದು ದೃಷ್ಟಾಂತ.

6. ಕ್ಯಾಸೆಟ್ಟಿನ ಕಾಲ ಮತ್ತು ಕನ್ನಡ

ಒತ್ತುವ ಯಂತ್ರದ ತೊಡಕು ನಮ್ಮ ದೇಶದಲ್ಲಿ ಬಗೆಹರಿದದ್ದು ಕ್ಯಾಸೆಟ್ಟಿನಿಂದ. ಹಾಲೆಂಡಿನ ಫಿಲಿಪ್ಸ್ ಕಂಪನಿಯು 1963ರಲ್ಲಿ ಹೊರತಂದ ಈ ಪುಟ್ಟ ಪೆಟ್ಟಿಗೆಯು 1980ರ ದಶಕದಲ್ಲಿ ನಮ್ಮ ಹಳ್ಳಿಹಳ್ಳಿಗೂ ಬಂದಿತು. ಒಂದು ಕೊಠಡಿ, ಕೆಲವು ಯಂತ್ರಗಳು, ಸ್ವಲ್ಪ ಬಂಡವಾಳ ಇದ್ದರೆ ಯಾರು ಬೇಕಾದರೂ ಕಂಪನಿ ತೆರೆಯಬಹುದಾಯಿತು. ಡಮ್‌ಡಮ್‌ನ ಬಾಗಿಲಲ್ಲಿ ಕಾಯುವ ಕಾಲ ಮುಗಿಯಿತು.

ಕನ್ನಡಕ್ಕೆ ಇದರಿಂದ ಆದ ಲಾಭ ದೊಡ್ಡದು. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಮನೋಹರ ನಾಯ್ಡು ಅವರು ಆರಂಭಿಸಿದ ‘ಲಹರಿ’ ಕಂಪನಿಯು ಸಣ್ಣದಾಗಿ ಹುಟ್ಟಿ, 1987ರ ‘ಪ್ರೇಮಲೋಕ’ ಚಿತ್ರದ ಹಾಡುಗಳ ಕ್ಯಾಸೆಟ್ಟಿನಿಂದ ಮನೆಮಾತಾಯಿತು. ಭಾವಗೀತೆಗಳು, ದಾಸರ ಪದಗಳು, ವಚನಗಳು, ಶರೀಫರ ಪದಗಳು, ಯಕ್ಷಗಾನ ಪ್ರಸಂಗಗಳು, ಜಾತ್ರೆಯ ಹಾಡುಗಳು ಇವೆಲ್ಲ ಕ್ಯಾಸೆಟ್ಟಾಗಿ ಬಂದವು. ಊರು ಬಿಟ್ಟು ಬಂದವರ ಚೀಲದಲ್ಲಿ, ಉಪ್ಪಿನಕಾಯಿಯ ಡಬ್ಬಿಯ ಪಕ್ಕದಲ್ಲಿ, ಎರಡು ಮೂರು ಕ್ಯಾಸೆಟ್ಟುಗಳಿರುತ್ತಿದ್ದುದು ನಮ್ಮ ಹಿರಿಯ ಸದಸ್ಯರಿಗೆ ನೆನಪಿದ್ದೀತು. ಮೂರು ನಿಮಿಷದ ಕಟ್ಟು ಹೋಗಿ, ಒಂದು ಮುಖಕ್ಕೆ ಅರ್ಧ ಗಂಟೆ ದೊರೆತುದರಿಂದ ಒಂದು ಪ್ರಸಂಗವನ್ನು ಕುಯ್ಯದೆ ಕೇಳುವುದು ಸಾಧ್ಯವಾಯಿತು.

ಆದರೆ ಹಳೆಯ ರೋಗ ಬೇರೆ ರೂಪದಲ್ಲಿ ಬಂದಿತು. ಕಳ್ಳ ಪ್ರತಿಗಳ ಹಾವಳಿಯಿಂದ ಸಣ್ಣ ಕಂಪನಿಗಳಿಗೆ ಏಟು ಬಿದ್ದಿತು. ಮೊದಲು ಸಿ.ಡಿ., ಆಮೇಲೆ ಮೊಬೈಲು ಬಂದು ಕ್ಯಾಸೆಟ್ಟಿನ ಮಾರುಕಟ್ಟೆ ಅಳಿಯಿತು. ಲಹರಿಯಂತಹವು ಹೊಸ ಕಾಲಕ್ಕೆ ಹೊಂದಿಕೊಂಡು ಇಂದಿಗೂ ನಡೆಯುತ್ತಿವೆ. ಆದರೆ ತಾಲೂಕು ಪೇಟೆಗಳ ಸಣ್ಣ ಕಂಪನಿಯವರು ತಮ್ಮ ಮೂಲ ಟೇಪುಗಳನ್ನು ಎಲ್ಲಿಟ್ಟರು? ಲೋಹದ ಅಚ್ಚು ನೂರು ವರ್ಷ ಬಾಳಬಹುದು. ಟೇಪಿಗೆ ಅಷ್ಟು ಆಯುಸ್ಸಿಲ್ಲ. ಸೆಕೆಗೂ ತೇವಕ್ಕೂ ಅದರ ಮೇಲಿನ ಲೇಪ ಉದುರುತ್ತದೆ, ಬೂಷ್ಟು ಹಿಡಿಯುತ್ತದೆ. ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆಂದು ನಾವು ನಂಬಿದ್ದೇವೆ. ಸಿಗುವುದು ಯಾರೋ ಒಬ್ಬರು ಕುಳಿತು ಏರಿಸಿದ್ದು ಮಾತ್ರ.

7. ನಾವು ಮಾಡಬಹುದಾದ ಕೆಲಸ

ಪುಸ್ತಕದ ವಿಷಯದಲ್ಲಿ ಬಡೋದೆ ದೇಶಕ್ಕೆಲ್ಲ ದಾರಿ ತೋರಿಸಿದ ಊರು. 1910ರಲ್ಲಿ ಸಯಾಜಿರಾವ್ ಮಹಾರಾಜರು ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿ, ಇಲ್ಲಿ ಕೇಂದ್ರ ಗ್ರಂಥಾಲಯವನ್ನೂ ಸಂಸ್ಥಾನದ ಹಳ್ಳಿಗಳಲ್ಲಿ ಪುಕ್ಕಟೆ ವಾಚನಾಲಯಗಳನ್ನೂ ಏರ್ಪಡಿಸಿದರು. ಪ್ರಕಾಶಕನು ಅಂಗಡಿ ಮುಚ್ಚಿದರೂ ಪುಸ್ತಕ ಯಾವುದೋ ವಾಚನಾಲಯದ ಕಪಾಟಿನಲ್ಲಿ ಉಳಿಯುತ್ತದೆ. ಧ್ವನಿಗೆ ಅಂತಹ ಕಪಾಟು ನಮ್ಮಲ್ಲಿ ತೀರ ಕಡಮೆ. ಆದುದರಿಂದ ಅದನ್ನು ಕಾಪಾಡುವ ಹೊಣೆ ಕೇಳುಗರ ಮೇಲೆಯೇ ಬಿದ್ದಿದೆ. ಇದಕ್ಕೆ ಹಣ ಬೇಡ, ವಿದ್ವತ್ತೂ ಬೇಡ. ಊರಿಗೆ ಹೋದಾಗ ಕೆಳಗಿನ ನಾಲ್ಕು ಕೆಲಸಗಳನ್ನು ಮಾಡಿದರೆ ಸಾಕು.

ಒಂದು: ಮನೆಯಲ್ಲಿ ಹಳೆಯ ತಟ್ಟೆ, ಕ್ಯಾಸೆಟ್ಟು ಇದ್ದರೆ ಗುಜರಿಗೆ ಹಾಕುವ ಮೊದಲು ಚೀಟಿಯನ್ನು ಪೂರ್ತಿ ಓದಿರಿ. ಕಂಪನಿಯ ಹೆಸರು, ಹಾಡಿದವರು, ಭಾಷೆ, ತಟ್ಟೆಯ ಸಂಖ್ಯೆ ಇಷ್ಟನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿರಿ. ಚೀಟಿಯ ಪಕ್ಕದ ನುಣುಪು ಭಾಗದಲ್ಲಿ ಕೊರೆದ ಇನ್ನೊಂದು ಸಣ್ಣ ಸಂಖ್ಯೆ ಇರುತ್ತದೆ. ಅದು ಅಚ್ಚಿನ ಸಂಖ್ಯೆ. ಅದನ್ನೂ ಬಿಡಬೇಡಿರಿ. ಕೇಳುವ ಯಂತ್ರ ಇಲ್ಲದಿದ್ದರೂ ಈ ಕಾಗದಕ್ಕೆ ಬೆಲೆಯಿದೆ.

ಎರಡು: ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಎಂದೂ ಒರಸಬಾರದು, ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ಮೆತ್ತನೆಯ ಒಣ ಬಟ್ಟೆಯಿಂದ, ಗೀರು ತಿರುಗುವ ದಿಕ್ಕಿನಲ್ಲಿ ಒರಸಬೇಕು. ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಬೇಕು. ಬಿಸಿಲು ಬೀಳುವ ಕಡೆ ಇಡಬಾರದು.

ಮೂರು: ಬಹುಕಾಲ ಮುಟ್ಟದ ಕ್ಯಾಸೆಟ್ಟನ್ನು ಒಮ್ಮೆಲೇ ಯಂತ್ರಕ್ಕೆ ಹಾಕಬೇಡಿರಿ. ಬೂಷ್ಟು ಇದೆಯೇ ಎಂದು ನೋಡಿ, ಕೈಯಿಂದ ಸ್ವಲ್ಪ ತಿರುಗಿಸಿ, ಆಮೇಲೆ ಬಾರಿಸಿರಿ. ಬಾರಿಸುವಾಗಲೇ ಒಂದು ಪ್ರತಿ ಮಾಡಿಕೊಳ್ಳಿರಿ. ಎರಡನೆಯ ಅವಕಾಶ ದೊರೆಯದಿರಬಹುದು.

ನಾಲ್ಕು: ಪ್ರತಿ ಮಾಡುವುದು ತಪ್ಪಲ್ಲವೇ ಎಂದು ಕೆಲವರು ಕೇಳಬಹುದು. ನಮ್ಮ ದೇಶದ ಕಾನೂನಿನಂತೆ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. 1955ರಲ್ಲಿ ನಿಂತುಹೋದ ಯಂಗ್ ಇಂಡಿಯಾದ ಕೊನೆಯ ತಟ್ಟೆಯ ಮೇಲಿನ ಆ ಹಕ್ಕು 2015ಕ್ಕೆ ಮುಗಿಯಿತು. ಪದ್ಯ ಬರೆದವರ, ರಾಗ ಹಾಕಿದವರ ಹಕ್ಕಿನ ಲೆಕ್ಕ ಬೇರೆ. ಕ್ಯಾಸೆಟ್ಟುಗಳ ಮೇಲಿನ ಹಕ್ಕು ಇನ್ನೂ ಜೀವಂತವಾಗಿದೆ. ಆದುದರಿಂದ ಪ್ರತಿಯನ್ನು ಮಾರಬಾರದು, ಸಾರ್ವಜನಿಕವಾಗಿ ಹಂಚಬಾರದು, ಹಾಳಾಗದಂತೆ ಕಾಪಾಡಬೇಕು.

ಹೀಗೆ ಬರೆದು ತಂದ ಕಾಗದಗಳನ್ನು ನಮ್ಮ ವಾಚನಾಲಯದಲ್ಲಿ ಒಂದು ದಪ್ಪ ನೋಟುಬುಕ್ಕಿಗೆ ಅಂಟಿಸಿಟ್ಟರೆ, ಕೆಲವು ವರ್ಷಗಳಲ್ಲಿ ಹಾವೇರಿಯಿಂದ, ಕಲಬುರಗಿಯಿಂದ, ಉಡುಪಿಯಿಂದ ಬಂದವರ ಮನೆಗಳಲ್ಲಿ ಏನೇನಿದೆಯೆಂಬ ಪಟ್ಟಿ ತಾನಾಗಿ ಬೆಳೆದೀತು. ಅದರಲ್ಲಿ ಒಂದೇ ಒಂದು ಹೆಸರು, ಬೇರೆಲ್ಲಿಯೂ ಉಳಿಯದ ಒಬ್ಬ ಹಾಡುಗಾರನದೋ ಹಾಡುಗಾತಿಯದೋ ಆಗಿದ್ದರೆ ಪಟ್ಟ ಶ್ರಮಕ್ಕೆ ಫಲ ಬಂದಂತೆ. ಮುಂದಿನ ಸಲ ಊರಿನ ರೈಲು ಹತ್ತುವಾಗ ಜೇಬಿನಲ್ಲಿ ಒಂದು ಪೆನ್ಸಿಲು ಇರಲಿ.